ಎರಡನೇ ಗಂಟೆ ನಮ್ಮದು

ಮೇಷ್ಟ್ರು ತೀರಿಕೊಂಡರು ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಿದ್ದಾಗ ಮೊದಲು ಬಂದ ಉತ್ತರ, ‘ಯಾವಾಗ? ಎಲ್ಲಿ? ಯಾರು ಹೇಳಿದ್ದು?’ ಹೊರಗಿನವರಿಗೆ ಒರಟು ಅನ್ನಿಸಬಹುದು. ಮೇಷ್ಟ್ರು ನಮ್ಮನ್ನು ಪಳಗಿಸಿದ್ದೇ ಹಾಗೆ.

ವಿಶ್ವವಿದ್ಯಾಲಯದ ಕಾರ್ಮಿಕ ಅಧ್ಯಯನ ವಿಭಾಗ ನಡೆಸುತ್ತಿದ್ದ ಸಂಜೆ ಕೋರ್ಸ್ ಅದು. ಸೇರೋಕೆ ಡಿಗ್ರಿ ಬೇಕಿರಲಿಲ್ಲ, ಯೂನಿಯನ್ನಿನ ಒಂದು ಪತ್ರ ಸಾಕಿತ್ತು. ಲೇತ್ ಕೆಲಸದವರು, ಬಸ್ ಡ್ರೈವರುಗಳು, ನರ್ಸ್‌ಗಳು, ಗುಮಾಸ್ತರು, ಎಲ್ಲ ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು ಕೂರುತ್ತಿದ್ದೆವು. ಸಿಲಬಸ್‌ನಲ್ಲಿ ಏನಿತ್ತು ಅಂತ ಈಗ ಕೇಳಿದರೆ ಅರ್ಧವೂ ನೆನಪಿಲ್ಲ. ಅರ್ಥಶಾಸ್ತ್ರಕ್ಕೆ ಬೇರೆ ಮೇಷ್ಟ್ರಿದ್ದರು. ಪಾಪ, ಒಳ್ಳೆಯವರು. ಬೋರ್ಡಿಗೇ ಪಾಠ ಮಾಡಿ ಹೋಗುತ್ತಿದ್ದರು.

ನಮ್ಮ ಮೇಷ್ಟ್ರ ಕ್ಲಾಸಿನಲ್ಲಿ ಮೊದಲ ಗಂಟೆ ಅವರದು, ಎರಡನೇ ಗಂಟೆ ನಮ್ಮದು. ಅವರದೇ ಪದ್ಧತಿ ಅಂದುಕೊಂಡಿದ್ದೆವು. ಅಲ್ವಂತೆ. 1908ರಲ್ಲಿ ಇಂಗ್ಲೆಂಡಿನ ಲಾಂಗ್‌ಟನ್ ಮತ್ತು ರೋಚ್‌ಡೇಲ್‌ನಲ್ಲಿ ಇತಿಹಾಸಕಾರ ಆರ್.ಎಚ್. ಟಾನಿ ಕಾರ್ಮಿಕರಿಗೆ ತರಗತಿ ಶುರು ಮಾಡಿದಾಗ ಬಂದದ್ದು. ಒಂದು ಪಿಂಗಾಣಿಯ ಊರು, ಇನ್ನೊಂದು ಬಟ್ಟೆ ಗಿರಣಿಯ ಊರು. ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ 1903ರಲ್ಲಿ ಕಟ್ಟಿದ ಕಾರ್ಮಿಕರ ಶಿಕ್ಷಣ ಸಂಘ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಜೊತೆ ಸೇರಿ ಅದನ್ನು ನಡೆಸಿತು. ಒಂದು ಗಂಟೆ ಪಾಠ, ಒಂದು ಗಂಟೆ ಚರ್ಚೆ. ಮೂರು ವರ್ಷ ಬಿಡದೆ ಬರ್ತೀವಿ ಅಂತ ಸೇರುವವರು ಒಪ್ಪಿಕೊಳ್ಳಬೇಕು, ಪ್ರಬಂಧವನ್ನೂ ಬರೆಯಬೇಕು.

‘ಇದರಲ್ಲೆಲ್ಲ ಹೆಂಗಸರು ಎಲ್ಲಿ ಸಾರ್?’ ಅಂತ ನಮ್ಮ ನರ್ಸ್ ಮೇಡಂ ಒಬ್ಬರು ಕೇಳಿದರು. ಮೇಷ್ಟ್ರು ತಕ್ಷಣ ಏನೂ ಹೇಳಲಿಲ್ಲ. ಮುಂದಿನ ವಾರ ಒಂದು ಕಂತೆ ಟಿಪ್ಪಣಿ ಹಿಡಿದುಕೊಂಡು ಬಂದರು. ಅಮೆರಿಕದಲ್ಲಿ ಶ್ರೀಮಂತರ ಹೆಣ್ಣುಮಕ್ಕಳು ಓದುತ್ತಿದ್ದ ಬ್ರಿನ್ ಮಾರ್ ಕಾಲೇಜು, 1921ರಿಂದ ಬೇಸಿಗೆಯಲ್ಲಿ ಕಾರ್ಖಾನೆಯ ಹೆಂಗಸರಿಗೆ ಬಾಗಿಲು ತೆರೆದ ಕಥೆ ಹೇಳಿದರು. 1925ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಕಾರ್ಮಿಕರ ಶಾಲೆಯ ವಿಷಯವೂ ಬಂತು. ಆ ಮೇಡಂ ಮುಖ ನೋಡಬೇಕಿತ್ತು.

ದೂರು ಬರೆಯೋದನ್ನು ಕಲಿಸಿದ್ದು ಮಾತ್ರ ಮರೆಯೋ ಹಾಗೇ ಇಲ್ಲ. ಒಬ್ಬ ಗೆಳೆಯ ‘ಮೇಲ್ವಿಚಾರಕರು ಯಾವಾಗಲೂ ದಬ್ಬಾಳಿಕೆ ಮಾಡುತ್ತಾರೆ’ ಅಂತ ಬರೆದು ತಂದ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ‘ಯಾವಾಗಲೂ’ ಸುತ್ತ ಗೆರೆ ಎಳೆದರು. ‘ಯಾವಾಗಲೂ ಅಂದ್ರೆ ಯಾವ ತಾರೀಕು? ಯಾವ ಶಿಫ್ಟು? ಆಗ ಅಲ್ಲಿ ಯಾರಿದ್ರು? ದಬ್ಬಾಳಿಕೆ ಬೇಡ, ಏನು ಮಾಡಿದ್ರು ಅಂತ ಬರೀರಿ.’ ಒಂದು ಪುಟದ ಸಿಟ್ಟು ನಾಲ್ಕು ಸಾಲಿಗೆ ಇಳಿಯಿತು. ಆ ನಾಲ್ಕು ಸಾಲಿಗೆ ಆಡಳಿತ ಉತ್ತರ ಕೊಡಲೇಬೇಕಾಯಿತು. ನಮ್ಮ ಯೂನಿಯನ್ನಿನಲ್ಲಿ ಇವತ್ತಿಗೂ ದೂರಿನ ಕರಡು ನನ್ನ ಕೈಗೇ ಬರುತ್ತದೆ. ಸುಮ್ನೆ ಹೇಳುತ್ತಿಲ್ಲ, ಬೇಕಾದರೆ ಕೇಳಿ ನೋಡಿ.

ಇನ್ನು ನಮ್ಮ ಮುಷ್ಕರದ ಕಥೆ. ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜು 1899ರಲ್ಲಿ ದುಡಿಯುವವರಿಗಾಗಿಯೇ ಹುಟ್ಟಿದ್ದು. 1909ರಲ್ಲಿ ಅಲ್ಲಿನ ಪ್ರಿನ್ಸಿಪಾಲ್ ಡೆನಿಸ್ ಹರ್ಡ್ ಅವರನ್ನು ತೆಗೆದಾಗ ವಿದ್ಯಾರ್ಥಿಗಳು ಪಾಠಕ್ಕೇ ಬಹಿಷ್ಕಾರ ಹಾಕಿದರು. ವಿಶ್ವವಿದ್ಯಾಲಯದ ಹಿಡಿತ ಬೇಡ ಅಂತ ಕೆಲವರು ಹೊರಬಂದು ಬೇರೆ ಕಾಲೇಜನ್ನೇ ಕಟ್ಟಿದರು. ಇದನ್ನು ಮೇಷ್ಟ್ರು ರಸವತ್ತಾಗಿ ಹೇಳಿದ್ದೇ ತಪ್ಪಾಯಿತು. ಕಿರುಪರೀಕ್ಷೆ ಮುಂದೂಡಿ ಅಂತ ನಾವು ಬೇಡಿಕೆ ಪಟ್ಟಿ ಬರೆದು ಅವರ ಮೇಜಿನ ಮೇಲಿಟ್ಟು, ಕ್ಲಾಸಿನ ಬಾಗಿಲಲ್ಲಿ ಧರಣಿ ಕೂತೆವು.

ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ‘ನೋಟಿಸ್ ಎಲ್ರೀ? ಸಭೆ ಮಾಡಿದ್ರಾ? ಕೋರಂಗೆ ಬೇಕಾದಷ್ಟು ಜನ ಇದ್ರಾ? ನಡಾವಳಿ ತನ್ನಿ.’ ನಮ್ಮಲ್ಲಿ ಒಂದೂ ಇರಲಿಲ್ಲ. ಅಲ್ಲೇ ವರಾಂಡದಲ್ಲಿ ಸಭೆ ಮಾಡಿ, ನಡಾವಳಿ ಬರೆದು, ಪ್ರತಿನಿಧಿಗಳನ್ನು ಆರಿಸಿ ಮಾತುಕತೆಗೆ ಹೋದೆವು. ಪರೀಕ್ಷೆ ಮುಂದೆ ಹೋಯಿತು. ಚಪ್ಪಾಳೆಯೋ ಚಪ್ಪಾಳೆ. ಒಪ್ಪಂದದ ಕೊನೆಯ ಕಲಮಿನಲ್ಲಿ ‘ಪ್ರತಿಯಾಗಿ ವಿದ್ಯಾರ್ಥಿಗಳು ತಲಾ ಎರಡು ಹೆಚ್ಚುವರಿ ಪ್ರಬಂಧ ಒಪ್ಪಿಸತಕ್ಕದ್ದು’ ಅಂತಿತ್ತು. ಸಹಿಗೆ ಮುಂಚೆ ಪೂರ್ತಿ ಓದೋಣ ಅಂತ ನಾನು ಹೇಳಿದ್ದೆ, ಗದ್ದಲದಲ್ಲಿ ಯಾರು ಕೇಳುತ್ತಾರೆ? ಮೇಷ್ಟ್ರು ನಕ್ಕು, ‘ಇವತ್ತಿನ ಪಾಠ ಮುಗೀತು’ ಅಂದು ಚೀಲ ತಗೊಂಡು ಹೊರಟೇಬಿಟ್ಟರು.

ಈಗ ಇಂಥ ಕೋರ್ಸುಗಳು ಜಾಸ್ತಿ ಫೋನಿಗೇ ಬಂದಿವೆ. ವಿಡಿಯೋ ನೋಡು, ನಾಲ್ಕು ಪ್ರಶ್ನೆಗೆ ಟಿಕ್ ಹಾಕು, ಸರ್ಟಿಫಿಕೇಟ್ ತಗೋ. ರಾತ್ರಿ ಪಾಳಿಯವರಿಗೆ ಅನುಕೂಲ, ಇಲ್ಲ ಅನ್ನಲ್ಲ. ನಮ್ಮ ಕಾಲದಲ್ಲಿ ಎಷ್ಟೋ ಜನ ಪಾಳಿ ಹೊಂದದೆ ಅರ್ಧಕ್ಕೇ ಬಿಟ್ಟು ಹೋದರು. ಆದರೆ ವಿಡಿಯೋಗೆ ಎದುರು ಮಾತಾಡೋದು ಹೇಗೆ? ಅದರ ಮುಂದೆ ಧರಣಿ ಕೂತರೆ ಕೋರಂ ಯಾರು ಕೇಳುತ್ತಾರೆ?

ಮೇಷ್ಟ್ರ ನೆನಪಿಗೆ ಏನು ಮಾಡೋಣ ಅಂತ ಬ್ಯಾಚಿನವರು ಸೇರಿದ್ದೆವು. ಫೋಟೋ ಹಾಕಿಸೋಣ ಅಂತ ಒಬ್ಬರು, ಬಹುಮಾನ ಇಡೋಣ ಅಂತ ಇನ್ನೊಬ್ಬರು. ಚರ್ಚೆಯ ಗಂಟೆಯನ್ನು ವೇಳಾಪಟ್ಟಿಗೆ ವಾಪಸ್ ಸೇರಿಸಬೇಕು ಅಂತ ವಿಭಾಗಕ್ಕೆ ಬರೆಯೋಣ ಅನ್ನೋ ತಿದ್ದುಪಡಿ ನನ್ನದು. ಅದೇ ಪಾಸಾಯಿತು. ಪತ್ರದಲ್ಲಿ ತಾರೀಕು ಇದೆ, ನಡಾವಳಿ ಲಗತ್ತಿಸಿದ್ದೇವೆ, ಉತ್ತರಕ್ಕೆ ಗಡುವೂ ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಎರಡನೇ ಪತ್ರದ ಕರಡು ತಯಾರಾಗುತ್ತಿದೆ, ಸಹಿ ಹಾಕುವವರು ನನ್ನನ್ನು ಸಂಪರ್ಕಿಸಿ.