ಕುಶಾಲನಗರದ ಸುತ್ತ ಸೈಟ್ ಕೊಳ್ಳುವವರು ಮೊದಲು ನೀರಿನ ದಾರಿ ನೋಡಿ

ಮಡಿಕೇರಿ ಪೇಟೆಯಲ್ಲಿ ಸಮತಟ್ಟಾದ ಜಾಗ ಮುಗಿದು ಬಹಳ ಕಾಲವಾಯಿತು. ಈಗ ಮಾರಾಟಕ್ಕಿರುವುದೆಲ್ಲ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ನೆತ್ತಿಯಲ್ಲಿ, ಇಲ್ಲವೇ ಬರೆಯ ಬುಡದಲ್ಲಿ. ಹಾಗಾಗಿ ತೋಟವನ್ನು ಮಕ್ಕಳ ಕೈಗೆ ಬಿಟ್ಟು ಪೇಟೆ ಸೇರುವ ಹಿರಿಯರು, ಮಕ್ಕಳ ಓದಿಗೆಂದು ಸೋಮವಾರಪೇಟೆ ಕಡೆಯಿಂದ ಇಳಿದು ಬರುವವರು, ನಿವೃತ್ತಿಯಾದ ಮೇಲೆ ಬೆಂಗಳೂರು ಬಿಟ್ಟು ಊರ ಕಡೆ ಮರಳುವವರು, ಎಲ್ಲರ ಕಣ್ಣೂ ಕುಶಾಲನಗರದ ಮೇಲಿದೆ. ಮುಳ್ಳುಸೋಗೆ, ಗುಮ್ಮನಕೊಲ್ಲಿ, ಗುಡ್ಡೆಹೊಸೂರು, ಕೂಡಿಗೆ ಕಡೆ ಭತ್ತ, ಮುಸುಕಿನ ಜೋಳ ಬೆಳೆಯುತ್ತಿದ್ದ ಜಾಗಗಳಲ್ಲಿ ಗಡಿ ಕಲ್ಲು ನೆಟ್ಟು ಬಡಾವಣೆ ಮಾಡಿದ್ದಾರೆ.

ಈ ಬಡಾವಣೆಗಳಲ್ಲಿ ಸೈಟಿನ ಬೆಲೆ ಬಸ್ ನಿಲ್ದಾಣದಿಂದ ಎಷ್ಟು ದೂರ ಎಂಬುದರ ಮೇಲೆ ನಿಲ್ಲುತ್ತದೆ. ಅಲ್ಲಿ ಬದುಕು ಹೇಗಿರುತ್ತದೆ ಎಂಬುದು ಮಾತ್ರ ನೀರಿನ ಮೇಲೆ ನಿಂತಿದೆ. ಮಳೆ ನೀರು ಎಲ್ಲಿ ನಿಲ್ಲುತ್ತದೆ, ಹೊಳೆ ಎಲ್ಲಿಯವರೆಗೆ ಏರುತ್ತದೆ, ಬಚ್ಚಲ ನೀರು ಎಲ್ಲಿ ಇಂಗುತ್ತದೆ, ಬೇಸಿಗೆಯಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ. ಈ ನಾಲ್ಕಕ್ಕೂ ಉತ್ತರ ಸಿಗುವ ತನಕ ಮುಂಗಡ ಕೊಡಬೇಡಿ.

ಅನುಕೂಲಗಳು ಚಿಕ್ಕವಲ್ಲ. ಕುಶಾಲನಗರ ಮಡಿಕೇರಿಗಿಂತ ಸುಮಾರು 300 ಮೀಟರ್ ತಗ್ಗಿನಲ್ಲಿದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ಇಲ್ಲಿ ಅದರ ಮೂರನೇ ಒಂದು ಪಾಲಿನಷ್ಟು. ಗೋಡೆಗೆ ಪಾಚಿ ಹಿಡಿಯುವುದು ಕಡಿಮೆ, ಒಗೆದ ಬಟ್ಟೆ ಒಲೆಯ ಮೇಲೆ ಒಣಗಿಸಬೇಕಾದ ದಿನಗಳೂ ಕಡಿಮೆ. ಮಂಡಿ ನೋವಿರುವವರಿಗೆ ಏರು ತಗ್ಗಿಲ್ಲದ ರಸ್ತೆಯೇ ಅರ್ಧ ಔಷಧಿ. ರಾಷ್ಟ್ರೀಯ ಹೆದ್ದಾರಿ 275 ಪೇಟೆಯ ನಡುವೆಯೇ ಹೋಗುವುದರಿಂದ ಮೈಸೂರು ಬಸ್ಸಿಗೆ ಕಾಯುವ ಕಷ್ಟವಿಲ್ಲ. ಜಿಲ್ಲೆಯಲ್ಲಿ ರೈಲು ಇಲ್ಲದಿರುವಾಗ ಇದು ದೊಡ್ಡ ಅನುಕೂಲವೇ. ಮಂಗಳವಾರದ ಸಂತೆ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜು, ಕೂಡಿಗೆಯ ಸೈನಿಕ ಶಾಲೆ ಮತ್ತು ಕ್ರೀಡಾ ಶಾಲೆ ಎಲ್ಲವೂ ಹತ್ತಿರ. ಇಟ್ಟಿಗೆ, ಸಿಮೆಂಟು, ಕಬ್ಬಿಣ ತರುವ ಲಾರಿ ಸೈಟಿನ ಬಾಗಿಲಿಗೇ ಬರುತ್ತದೆ. ಮಡಿಕೇರಿಯ ಇಳಿಜಾರಿನಲ್ಲಿ ಮನೆಗಿಂತ ಮೊದಲು ತಡೆಗೋಡೆಗೆ ಸುರಿಯುವ ದುಡ್ಡು ಇಲ್ಲಿ ಉಳಿಯುತ್ತದೆ.

ಆಸ್ಪತ್ರೆಯ ವಿಷಯ ಮಾತ್ರ ಮೊದಲೇ ಲೆಕ್ಕ ಹಾಕಿ. ಸಣ್ಣ ಪುಟ್ಟದಕ್ಕೆ ಊರಲ್ಲೇ ವೈದ್ಯರಿದ್ದಾರೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಸುಮಾರು 30 ಕಿಲೋಮೀಟರ್ ಮಡಿಕೇರಿಗೆ ಹತ್ತಬೇಕು. ದೊಡ್ಡ ಹೃದ್ರೋಗ, ಮೆದುಳಿನ ಚಿಕಿತ್ಸೆ ಎಂದರೆ ಮೈಸೂರು, ಎರಡು ಗಂಟೆಯ ದಾರಿ. ಇಂಥ ತೊಂದರೆ ಈಗಾಗಲೇ ಇರುವವರಿಗೆ ನಾನು ಇಲ್ಲಿ ಮನೆ ಕಟ್ಟಿ ಎನ್ನುವುದಿಲ್ಲ.

ಇನ್ನು ಹೊಳೆ. 2018ರ ಮತ್ತು 2019ರ ಆಗಸ್ಟಿನಲ್ಲಿ ಕುಶಾಲನಗರದ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳ ಮನೆಗಳಿಗೆ ಕಾವೇರಿ ನುಗ್ಗಿತು. ಭಾಗಮಂಡಲ, ನಾಪೋಕ್ಲು ಕಡೆ ಸುರಿದ ಮಳೆ ಕಾವೇರಿಯಲ್ಲಿ ಇಳಿದು ಬರುವ ಹೊತ್ತಿಗೇ ಹಾರಂಗಿ ಜಲಾಶಯವೂ ತುಂಬಿ ಹೊರಕ್ಕೆ ನೀರು ಬಿಡಬೇಕಾಗಿರುತ್ತದೆ. ಎರಡೂ ಹೊಳೆ ಕೂಡುವುದು ಊರಿಗಿಂತ ಕೆಳಗೆ, ಕೂಡಿಗೆಯಲ್ಲಿ. ಹಾರಂಗಿಯ ನೀರು ಅಲ್ಲಿ ಜೋರಾಗಿದ್ದಾಗ ಕಾವೇರಿ ಸರಾಗವಾಗಿ ಮುಂದೆ ಹೋಗಲಾರದೆ ಹಿಂದಕ್ಕೆ ಒತ್ತುತ್ತದೆ. ಕುಶಾಲನಗರದಲ್ಲಿ ಹನಿ ಮಳೆ ಇಲ್ಲದ ದಿನವೂ ನೀರು ಏರಬಹುದು ಎಂಬುದನ್ನು ಹೊರಗಿನಿಂದ ಬಂದವರು ಸುಲಭವಾಗಿ ನಂಬುವುದಿಲ್ಲ.

ಹೊಳೆ ಕಾಣುವ ಸೈಟಿಗೆ ಹೆಚ್ಚು ಬೆಲೆ ಹೇಳುತ್ತಾರೆ. ಅಲ್ಲಿ ಮಾರುವವರ ಮಾತು ಬಿಟ್ಟು ಹಳೆಯ ಕಾಂಪೌಂಡ್ ಗೋಡೆಗಳನ್ನು ನೋಡಿ. ಬಣ್ಣ ಬಳಿಯದ ಹಿಂಬದಿ ಗೋಡೆಯಲ್ಲಿ, ಪಂಪ್ ಶೆಡ್ಡಿನಲ್ಲಿ, ವಿದ್ಯುತ್ ಕಂಬದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಮೂರು ಮನೆಯವರನ್ನು ಬೇರೆ ಬೇರೆಯಾಗಿ ಕೇಳಿ. ಕಟ್ಟುವುದೇ ಆದರೆ ಆ ಗೆರೆಗಿಂತ ಕನಿಷ್ಠ ಎರಡು ಅಡಿ ಮೇಲೆ ನೆಲಗಟ್ಟು ಬರಲಿ, ಮೀಟರ್ ಬೋರ್ಡ್ ಇನ್ನೂ ಮೇಲಿರಲಿ. ಸಂಪಿನ ಬಾಯಿ ನೆಲಮಟ್ಟದಲ್ಲಿದ್ದರೆ ಮೊದಲು ಹಾಳಾಗುವುದು ಕುಡಿಯುವ ನೀರೇ. ಮನೆ ಎತ್ತರಿಸಿದರೂ ರಸ್ತೆ ಎತ್ತರವಾಗುವುದಿಲ್ಲ. ರಸ್ತೆಯಲ್ಲಿ ಎದೆಮಟ್ಟದ ನೀರಿದ್ದರೆ ಮೇಲಿನ ಮನೆಯವರನ್ನೂ ದೋಣಿಯಲ್ಲೇ ಕರೆತರಬೇಕು. ವಯಸ್ಸಾದವರಿರುವ ಮನೆಗೆ ಹೊಳೆಯಂಚು ಬೇಡ ಎಂಬುದೇ ನನ್ನ ಖಚಿತ ಅಭಿಪ್ರಾಯ.

ಹೊಳೆಯಿಂದ ದೂರವಿದ್ದರೂ ಗದ್ದೆ ಎಂಬುದೊಂದು ಇದೆ. ನಮ್ಮಲ್ಲಿ ಗದ್ದೆ ಇರುವುದೇ ಎರಡು ಏರುಗಳ ನಡುವಿನ ತಗ್ಗಿನಲ್ಲಿ, ನೀರು ತಾನಾಗಿ ಬಂದು ನಿಲ್ಲುವ ಕಡೆ. ಅದಕ್ಕೆ ನಾಲ್ಕಡಿ ಕೆಂಪು ಮಣ್ಣು ಸುರಿದು ಸಮ ಮಾಡಿದರೆ ಬೇಸಿಗೆಯಲ್ಲಿ ನೋಡುವವರಿಗೆ ಒಳ್ಳೆಯ ಗಟ್ಟಿ ಸೈಟಿನಂತೆ ಕಾಣುತ್ತದೆ. ಪರೀಕ್ಷೆ ಸುಲಭ. ಸೈಟಿನ ಒಂದು ಮೂಲೆಯಲ್ಲಿ ಮೂರಡಿ ಉದ್ದ, ಮೂರಡಿ ಅಗಲದ ಗುಂಡಿ ತೋಡಿಸಿ. ಮೇಲಿನ ಕೆಂಪು ಮಣ್ಣು ಪುಡಿಪುಡಿಯಾಗಿ ಬರುತ್ತದೆ, ನಡುವೆ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಸಿಕ್ಕರೂ ಆಶ್ಚರ್ಯವಿಲ್ಲ. ಆಮೇಲೆ ಒಮ್ಮೆಗೇ ಬಣ್ಣ ತಿರುಗಿ ಕಪ್ಪು ಇಲ್ಲವೇ ಬೂದು ಜೇಡಿ ಬರುತ್ತದೆ. ಹಿಡಿಯಲ್ಲಿ ಹಿಸುಕಿದರೆ ಬೆರಳಚ್ಚು ಉಳಿಯುತ್ತದೆ, ಕೊಳೆತ ಭತ್ತದ ಬೇರು ಸಿಗುತ್ತದೆ, ಕೆಸರಿನ ವಾಸನೆ ಹೊಡೆಯುತ್ತದೆ. ಅದೇ ಗದ್ದೆಯ ಹಳೆಯ ನೆಲ. ಅಡಿಪಾಯ ಆ ಜೇಡಿಯನ್ನೂ ದಾಟಿ ಕೆಳಗಿನ ಗಟ್ಟಿ ಮಣ್ಣಿಗೆ ಹೋಗಬೇಕು. ತುಂಬಿದ ಮಣ್ಣಿನ ಮೇಲೆ ಸೈಜುಗಲ್ಲಿನ ಪಾಯ ಹಾಕಿ ಗೋಡೆ ಎಬ್ಬಿಸಿದರೆ, ಮೊದಲ ಮಳೆಗಾಲ ಮುಗಿಯುವಾಗ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತದೆ. ಮಣ್ಣು ಒಂದೇ ಸಮನೆ ಕೂರುವುದಿಲ್ಲ, ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕೂರುತ್ತದೆ, ಗೋಡೆ ನಡುವೆ ಸೀಳುತ್ತದೆ. ಇಂಥಲ್ಲಿ ಕಾಂಕ್ರೀಟ್ ಕಾಲಂ ಮತ್ತು ಅವನ್ನು ನೆಲಗಟ್ಟಿನ ಮಟ್ಟದಲ್ಲಿ ಜೋಡಿಸುವ ಪ್ಲಿಂತ್ ಬೀಮ್ ಇಲ್ಲದೆ ಕಟ್ಟಬಾರದು. ಕಾಂಪೌಂಡಿನ ಒಳಗೆ ಮಣ್ಣು ತುಂಬುವಾಗ ಒಂಬತ್ತು ಇಂಚಿಗೊಮ್ಮೆ ನೀರು ಹಾಕಿ ದಮ್ಮಸ್ಸು ಮಾಡಿಸಿ. ಲಾರಿಗಟ್ಟಲೆ ಸುರಿದು ಮೇಲಿನಿಂದ ಜೆಸಿಬಿ ಓಡಿಸಿದರೆ ಮೇಲಿನ ಒಂದಡಿ ಮಾತ್ರ ಗಟ್ಟಿಯಾಗುತ್ತದೆ.

ಗದ್ದೆ ಬಡಾವಣೆಯ ದೊಡ್ಡ ಕಷ್ಟ ಶೌಚಾಲಯದ್ದು. ಸೆಪ್ಟಿಕ್ ಟ್ಯಾಂಕಿನಿಂದ ಹೊರಬಂದ ನೀರು ಇಂಗುಗುಂಡಿಯಲ್ಲಿ ಮಣ್ಣಿಗೆ ಇಂಗಬೇಕು. ಅದಕ್ಕೆ ಗುಂಡಿಯ ತಳಕ್ಕಿಂತ ಅಂತರ್ಜಲ ಸಾಕಷ್ಟು ಕೆಳಗಿರಬೇಕು, ಎರಡು ಮೀಟರ್ ಅಂತರವಿದ್ದರೆ ಒಳ್ಳೆಯದು. ಪುಷ್ಯ, ಆಶ್ಲೇಷ ಮಳೆಯಲ್ಲಿ ಗದ್ದೆ ಜಾಗದಲ್ಲಿ ಮೂರ್ನಾಲ್ಕು ಅಡಿ ತೋಡಿದರೇ ನೀರು ಸಿಗುತ್ತದೆ. ಎಂಟಡಿ ಆಳದ ಇಂಗುಗುಂಡಿಗೆ ಆಗ ಹೊರಗಿನಿಂದಲೇ ನೀರು ಒಸರುತ್ತದೆ, ಒಳಗಿನದು ಹೋಗಲು ಜಾಗವಿರುವುದಿಲ್ಲ. ಟ್ಯಾಂಕ್ ತುಂಬಿ ನೆಲಮಹಡಿಯ ಬಚ್ಚಲಲ್ಲಿ ಗುಳುಗುಳು ಸದ್ದು ಕೇಳುತ್ತದೆ, ಆಮೇಲೆ ನೀರು ಮೇಲಕ್ಕೇ ಬರುತ್ತದೆ. ಸಕ್ಕಿಂಗ್ ಲಾರಿ ಕರೆಸಿ ಖಾಲಿ ಮಾಡಿಸಿದರೆ ಕೆಲವೇ ದಿನಗಳಲ್ಲಿ ಮತ್ತೆ ಅದೇ ಸ್ಥಿತಿ. ತಪ್ಪು ಟ್ಯಾಂಕಿನದ್ದಲ್ಲ, ನೆಲದ್ದು. ಶೌಚಾಲಯದ ನೆಲವನ್ನು ಎತ್ತರಿಸಿ, ಟ್ಯಾಂಕನ್ನು ಅರ್ಧ ನೆಲದ ಮೇಲೆ ಬರುವಂತೆ ಕಟ್ಟಿ, ಇಂಗುಗುಂಡಿಯ ಬದಲು ಅಗಲವಾದ, ಆಳವಿಲ್ಲದ ಜಲ್ಲಿ ಕಾಲುವೆ ಮಾಡಿದರೆ ತಕ್ಕಮಟ್ಟಿಗೆ ನಡೆಯುತ್ತದೆ. ಅದಕ್ಕೆ ಜಾಗ ಬೇಕು.

ಆ ಜಾಗವೇ ಇಲ್ಲದಿರುವುದು. 30×40ರ ಸೈಟ್ ಎಂದರೆ 1,200 ಚದರಡಿ, ನಮ್ಮ ಲೆಕ್ಕದಲ್ಲಿ ಎರಡೂ ಮುಕ್ಕಾಲು ಸೆಂಟು. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 15 ಮೀಟರ್, ಅಂದರೆ 50 ಅಡಿ ದೂರ ಬೇಕು. ಸೈಟಿನ ಅಗಲವೇ 30 ಅಡಿ. ನಿಮ್ಮ ಗುಂಡಿ ನಿಮ್ಮ ಬೋರ್‌ವೆಲ್ಲಿನಿಂದ ದೂರವಿದ್ದರೂ ಪಕ್ಕದವರ ಗುಂಡಿ ನಿಮ್ಮ ಬೋರ್‌ವೆಲ್ಲಿನ ಮಗ್ಗುಲಲ್ಲೇ ಇರುತ್ತದೆ. ಹತ್ತು ಮನೆ ಇದ್ದಾಗ ನೆಲ ತಡೆದುಕೊಳ್ಳುತ್ತದೆ, ನೂರು ಮನೆ ಆದಾಗ ತಡೆಯುವುದಿಲ್ಲ. ಬೆಳೆಯುತ್ತಿರುವ ಬಡಾವಣೆಯಲ್ಲಿ ಮೊದಲು ಮನೆ ಕಟ್ಟಿದವರ ಬಾವಿ ನೀರು ಕೆಲವು ವರ್ಷಗಳ ಮೇಲೆ ಕೆಡುವುದು ಇದೇ ಕಾರಣಕ್ಕೆ. ಯುಜಿಡಿ (ಒಳಚರಂಡಿ) ಇದೆ ಎಂದು ಹೇಳಿದರೆ ಮ್ಯಾನ್‌ಹೋಲ್ ಮುಚ್ಚಳ ನೋಡಿ ಒಪ್ಪಬೇಡಿ. ಆ ಬೀದಿಯ ಮನೆಗಳಿಗೆ ಸಂಪರ್ಕ ಕೊಟ್ಟಿದ್ದಾರೆಯೇ, ನೀರು ಕೊನೆಗೆ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆಯೇ ಎಂದು ಕೇಳಿ. ಬಾವಿ ನೀರನ್ನು ಮಳೆಗಾಲದ ನಡುವೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆಗೆ ಕೊಡಿ. ಕೋಲಿಫಾರ್ಮ್ (ಕೊಳಚೆ ಸೇರಿದ್ದನ್ನು ತೋರಿಸುವ ಸೂಕ್ಷ್ಮಾಣು) ಮತ್ತು ನೈಟ್ರೇಟ್ ಎರಡನ್ನೂ ಹೆಸರು ಹಿಡಿದು ಕೇಳಬೇಕು. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ.

ಕಾವೇರಿ ಪಕ್ಕದಲ್ಲೇ ಹರಿದರೂ ಏಪ್ರಿಲ್, ಮೇ ತಿಂಗಳಲ್ಲಿ ನೀರಿಗೆ ಕಷ್ಟವಿದೆ. ಹೊಳೆ ಸೊರಗಿ, ಮರಳು ಚೀಲ ಅಡ್ಡ ಇಟ್ಟು ಪಂಪಿಗೆ ನೀರು ನಿಲ್ಲಿಸಿದ ವರ್ಷಗಳಿವೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದಿಟ್ಟರೆ ನಾಲ್ವರ ಮನೆಗೆ 540 ಲೀಟರ್. 5,000 ಲೀಟರಿನ ಸಂಪ್ ಇದ್ದರೆ ಒಂಬತ್ತು ದಿನ ನಡೆಯುತ್ತದೆ, ಅದಕ್ಕಿಂತ ಚಿಕ್ಕದು ಬೇಡ. ಸಾವಿರ ಚದರಡಿಯ ತಾರಸಿಯಿಂದ ವರ್ಷದ 1,000 ಮಿಲಿಮೀಟರ್ ಮಳೆಗೆ, ಸೋರಿ ಆವಿಯಾದದ್ದು ಕಳೆದೂ, 70,000 ಲೀಟರಿಗಿಂತ ಹೆಚ್ಚು ನೀರು ಸಿಗುತ್ತದೆ. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡುವ ವಾಲ್ವ್, ಮರಳು ಜಲ್ಲಿಯ ಫಿಲ್ಟರ್ ಇಟ್ಟು ಸಂಪಿಗೆ ತಿರುಗಿಸಿ.

ಕಾಗದ ಪತ್ರದ ಬಗ್ಗೆ ಚಿಕ್ಕದಾಗಿ. ಕೃಷಿ ಜಮೀನು ವಸತಿಗೆ ಪರಿವರ್ತನೆಯಾದ ಆದೇಶ ಬೇರೆ, ಬಡಾವಣೆಯ ನಕ್ಷೆಗೆ ಸಿಕ್ಕ ಅನುಮೋದನೆ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದೂ ಇದೆ ಎಂಬಂತೆ ಮಾತಾಡುತ್ತಾರೆ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11 ಬೇಕು. 11ಬಿ ಮಾತ್ರ ಇದ್ದರೆ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಬಡಾವಣೆಯ ರಸ್ತೆ, ಪಾರ್ಕು ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಿದೆಯೇ ನೋಡಿ. ಆಗದಿದ್ದರೆ ಬೀದಿದೀಪ ಕೆಟ್ಟಾಗ, ಚರಂಡಿ ಕಟ್ಟಿಕೊಂಡಾಗ ಕೇಳುವುದಕ್ಕೆ ಯಾರೂ ಇರುವುದಿಲ್ಲ. ಮಡಿಕೇರಿ, ವಿರಾಜಪೇಟೆ ಕಡೆ ಜಮ್ಮಾ ಬಾಣೆ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ) ಜಾಗವಾದರೆ ಪಹಣಿಯಲ್ಲಿ ಪಟ್ಟೇದಾರರ (ಕುಟುಂಬದ ಹಿರಿಯರ) ಜೊತೆ ಒಕ್ಕದ, ಅಂದರೆ ಮನೆತನದ, ಎಷ್ಟೋ ಹೆಸರುಗಳಿರುತ್ತವೆ. ಮಾರುವವರು ಒಳ್ಳೆಯವರೇ ಇರಬಹುದು, ಆದರೂ ಪಾಲುದಾರರೆಲ್ಲರ ಒಪ್ಪಿಗೆ ಇಲ್ಲದೆ ಮುಂದುವರಿಯಬಾರದು.

ಮಡಿಕೇರಿಯ ಹೊರವಲಯವೇ ಬೇಕು ಎನ್ನುವವರಿಗೆ 2018ರ ಆಗಸ್ಟಿನ ಭೂಕುಸಿತ ನೆನಪಿಸಬೇಕಾಗಿಲ್ಲ. ಅಲ್ಲಿ ನೋಡಬೇಕಾದ್ದು ಮನೆ ಹಿಂದಿನ ಬರೆ. ಜೆಸಿಬಿಯಲ್ಲಿ ನೆಟ್ಟಗೆ ಹತ್ತಡಿ ಕಡಿದ ಬರೆ ಬೇಸಿಗೆಯಲ್ಲಿ ಗೋಡೆಯಂತೆ ನಿಂತಿರುತ್ತದೆ, ಮಣ್ಣು ನೀರು ಕುಡಿದು ಭಾರವಾದಾಗ ಜಾರುತ್ತದೆ. ಬರೆಯ ನೆತ್ತಿಯಲ್ಲಿ ಮಳೆ ನೀರು ಪಕ್ಕಕ್ಕೆ ತಿರುಗಿಸುವ ಸಿಮೆಂಟ್ ಚರಂಡಿ ಇರಬೇಕು. ತಡೆಗೋಡೆಯಲ್ಲಿ ಐದಡಿಗೊಂದರಂತೆ ಪಿವಿಸಿ ಪೈಪಿನ ತೂತು, ಅದರ ಹಿಂದೆ ಜಲ್ಲಿ ತುಂಬಿರಬೇಕು. ಜಲ್ಲಿ ಇಲ್ಲದಿದ್ದರೆ ತೂತು ಮಣ್ಣು ಕಟ್ಟಿಕೊಂಡು ನೀರಿನ ಒತ್ತಡಕ್ಕೆ ಗೋಡೆಯೇ ಮುಂದಕ್ಕೆ ಬಾಗುತ್ತದೆ. ಮೇಲಿನ ನೆಲದಲ್ಲಿ ಉದ್ದ ಬಿರುಕು, ಓರೆಯಾದ ಮರ, ಹಿಂದೆ ಇಲ್ಲದ ಕಡೆ ಜಲ ಒಸರುವುದು, ತಿಳಿಯಾಗಿ ಬರುತ್ತಿದ್ದ ನೀರು ಕೆಸರಾಗುವುದು, ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಆ ಮನೆಯಲ್ಲಿ ಮಲಗಬಾರದು.

ಕರೆಂಟಿನ ಕಷ್ಟ ಎರಡೂ ಕಡೆ ಇದೆ. ಗಾಳಿ ಮಳೆಗೆ ಮರ ತಂತಿಯ ಮೇಲೆ ಬಿದ್ದರೆ ದಿನವಿಡೀ ಇರುವುದಿಲ್ಲ. 150 ಆಂಪಿಯರ್-ಅವರ್ ಬ್ಯಾಟರಿಯಿಂದ ಕೈಗೆ ಸಿಗುವುದು ಸುಮಾರು 1,200 ವ್ಯಾಟ್-ಅವರ್. ಮಳೆಗಾಲದಲ್ಲಿ ಫ್ಯಾನ್ ಬೇಡವಾದ್ದರಿಂದ ಐದಾರು ಎಲ್‌ಇಡಿ ಬಲ್ಬು, ವೈಫೈ ಸೇರಿ ನೂರು ವ್ಯಾಟ್ ಒಳಗಿದ್ದರೆ ಹನ್ನೆರಡು ಗಂಟೆ ನಡೆಯುತ್ತದೆ. ಗುಡ್ಡೆಹೊಸೂರು ದಾಟಿ ಆನೆಕಾಡಿನ ಅಂಚಿಗೆ ಹತ್ತಿರವಾದಷ್ಟೂ ಆನೆಯ ಓಡಾಟ ಲೆಕ್ಕಕ್ಕಿರಲಿ. ಅಲ್ಲಿ ಹಿತ್ತಲಲ್ಲಿ ಹಲಸು, ಬಾಳೆ ಬೆಳೆಸುವುದು ಬೇಡ, ಹಣ್ಣಾದ ಹಲಸಿನ ವಾಸನೆಗೆ ಆನೆ ಕಾಂಪೌಂಡ್ ಲೆಕ್ಕಿಸುವುದಿಲ್ಲ.

ಕೊಳ್ಳುವ ಮೊದಲು ಅದೇ ಬಡಾವಣೆಯಲ್ಲಿ ಒಂದು ಬಾಡಿಗೆ ಮನೆ ಹಿಡಿಯುವುದು ಎಲ್ಲಕ್ಕಿಂತ ಒಳ್ಳೆಯದು. ಹನ್ನೊಂದು ತಿಂಗಳ ಕರಾರು ಜೂನ್ ಒಂದಕ್ಕೆ ಶುರುವಾದರೆ ಮಳೆಗಾಲವೂ ಬೇಸಿಗೆಯ ಆರಂಭವೂ ಸಿಗುತ್ತದೆ. ಸಂಜೆ ಏಳಕ್ಕೆ ಬೀದಿಯಲ್ಲಿ ನಡೆದು ದೀಪ ಹೊತ್ತಿರುವ ಮನೆಗಳೆಷ್ಟು ನೋಡಿ. ಅರ್ಧಕ್ಕರ್ಧ ಸೈಟ್ ಖಾಲಿ ಬಿಟ್ಟು ಮಾಲೀಕರು ದೂರದೂರಿನಲ್ಲಿದ್ದರೆ ಕಳೆ ಆಳೆತ್ತರ ಬೆಳೆಯುತ್ತದೆ, ಹಾವು ಸೇರುತ್ತದೆ, ಕಸ ಅಲ್ಲೇ ಬೀಳುತ್ತದೆ. ಇದ್ದ ಮನೆಗಳಲ್ಲೂ ಹೆಚ್ಚಿನವು ಹೋಂಸ್ಟೇ ಆಗಿದ್ದರೆ ಶನಿವಾರ ರಾತ್ರಿ ಸದ್ದು, ಕಾರುಗಳ ಸಾಲು. ಸೋಮವಾರ ಬೆಳಿಗ್ಗೆ ಹಾಲು ತರಿಸಿಕೊಳ್ಳಲು, ಜ್ವರ ಬಂದಾಗ ಬಾಗಿಲು ತಟ್ಟಲು ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಆ ಹನ್ನೊಂದು ತಿಂಗಳಲ್ಲಿ ತಿಳಿಯುತ್ತದೆ.