ಹಾರ್ಪ್ ನುಡಿಸುತ್ತಲೇ ಮೇಳ ನಡೆಸುವವರು: ಆಲಿಕೆಯ ಟಿಪ್ಪಣಿ, ಮೂರನೆಯ ಕಂತು

ಯುರೋಪಿನ ಹಳೆಯ ಸಂಗೀತವನ್ನು ಹಾರ್ಪ್ ಎಂಬ ತಂತಿವಾದ್ಯದಲ್ಲಿ ನುಡಿಸುವ ಆಂಡ್ರ್ಯೂ ಲಾರೆನ್ಸ್-ಕಿಂಗ್ ಅವರ ಧ್ವನಿಮುದ್ರಿಕೆಗಳನ್ನು ಕಾಲಾನುಕ್ರಮದಲ್ಲಿ ಕೇಳಿ ಕನ್ನಡದಲ್ಲಿ ಟಿಪ್ಪಣಿ ಬರೆದಿಡುವ ನನ್ನ ಬಿಡುವಿನ ಕೆಲಸ ಈಗ 1994ಕ್ಕೆ, ಅಂದರೆ ಅವರು ‘ದಿ ಹಾರ್ಪ್ ಕನ್ಸಾರ್ಟ್’ ಎಂಬ ತಮ್ಮದೇ ಮೇಳವನ್ನು ಕಟ್ಟಿದ ವರ್ಷಕ್ಕೆ ಬಂದು ತಲುಪಿದೆ. ಅದಕ್ಕೂ ಹಿಂದಿನ ಘಟ್ಟವನ್ನು ಚುಟುಕಾಗಿಯೇ ದಾಖಲಿಸಿದ್ದೇನೆ: 1959ರಲ್ಲಿ ಗರ್ನ್ಸಿ ದ್ವೀಪದಲ್ಲಿ ಜನನ, ಆರ್ಗನ್ ವಾದಕರ ವಿದ್ಯಾರ್ಥಿವೇತನದೊಡನೆ ಕೇಂಬ್ರಿಜ್‌ನಲ್ಲಿ ವ್ಯಾಸಂಗ, ಜೋರ್ಡಿ ಸವಾಲ್ ಅವರ ಮೇಳದಲ್ಲಿ ವಾದನ, ಸ್ಟೀಫನ್ ಸ್ಟಬ್ಸ್ ಮತ್ತು ಎರಿನ್ ಹೆಡ್ಲಿ ಅವರೊಡನೆ ‘ಟ್ರಾಜಿಕಾಮೀಡಿಯಾ’ ಎಂಬ ಮೇಳದ ಜಂಟಿ ನಿರ್ದೇಶನ.

ಹೆಚ್ಚು ಸಮಯ ತೆಗೆದುಕೊಂಡದ್ದು ವಾದ್ಯ. ಇಂದಿನ ಆರ್ಕೆಸ್ಟ್ರಾದ ಹಾರ್ಪ್‌ಗೆ 47 ತಂತಿ, 7 ಪೆಡಲುಗಳಿದ್ದು, ಕಾಲಿನಿಂದ ಪೆಡಲು ಒತ್ತಿದರೆ ಸ್ವರ ಬದಲಾಗುತ್ತದೆ. ಲಾರೆನ್ಸ್-ಕಿಂಗ್ ನುಡಿಸುವ ಬರೋಕ್ ಕಾಲದ (ಸುಮಾರು 1600ರಿಂದ 1750ರವರೆಗಿನ) ಮೂರು ಸಾಲಿನ ಹಾರ್ಪ್‌ನಲ್ಲಿ ಪೆಡಲಿಲ್ಲ. ಹೊರಗಿನ ಎರಡು ಸಾಲುಗಳಲ್ಲಿ ಒಂದೇ ಶ್ರುತಿಯ ಏಳು ಸ್ವರಗಳು ಆವರ್ತಿಸಿದರೆ, ಉಳಿದ ಅರ್ಧಸ್ವರಗಳು ನಡುಸಾಲಿನಲ್ಲಿ ಅಡಗಿರುತ್ತವೆ. ಅವುಗಳಿಗಾಗಿ ಹೊರಸಾಲಿನ ತಂತಿಗಳ ಸಂದಿಯಲ್ಲಿ ಬೆರಳು ತೂರಿಸಬೇಕು. ಇದನ್ನು ರಟ್ಟಿನ ಮೇಲೆ ಮೂರು ಬಣ್ಣದ ದಾರಗಳಿಂದ ಮಾಡಿ ನೋಡಿದ ಮೇಲೆಯೇ, 1607ರ ‘ಓರ್ಫೆಯೊ’ ಆಪೆರಾದ (ಸಂಗೀತನಾಟಕದ) ಮೂರನೆಯ ಅಂಕದಲ್ಲಿ ಇಟಲಿಯ ಸಂಯೋಜಕ ಮಾಂಟೆವರ್ಡಿ ಹಾರ್ಪ್‌ಗೆಂದು ಬರೆದಿಟ್ಟ ಭಾಗ ಎಷ್ಟು ಕೈಚಳಕ ಬೇಡುತ್ತದೆಂಬುದು ನನಗೆ ಮನವರಿಕೆಯಾಯಿತು.

ಹಾರ್ಪ್ ವಾದಕರು ಮೇಳದ ನಿರ್ದೇಶಕರಾಗುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಆದರೆ ಹದಿನೇಳನೆಯ ಶತಮಾನದ ಸಂಗೀತದಲ್ಲಿ ಬರಹಕ್ಕೆ ಇಳಿಯುತ್ತಿದ್ದುದು ಬಹುಮಟ್ಟಿಗೆ ಗಾಯನದ ಸಾಲು ಮತ್ತು ಕೆಳಗಿನ ಮಂದ್ರದ ಸಾಲು ಮಾತ್ರ. ನಡುವಿನ ಸ್ವರಮೇಳವನ್ನು ಹಾರ್ಪ್, ಥಿಯಾರ್ಬೊ (ಉದ್ದ ಕತ್ತಿನ ತಂತಿವಾದ್ಯ), ಗಿಟಾರ್ ಅಥವಾ ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯ) ವಾದಕರು ಅಲ್ಲಿಯೇ ಕಟ್ಟಿಕೊಳ್ಳುತ್ತಿದ್ದರು. ಆ ಮಂದ್ರದ ಸಾಲನ್ನು ಹಿಡಿದವರ ಕೈಯಲ್ಲೇ ಲಯವೂ ಇರುವುದರಿಂದ ಮೇಳಕ್ಕೆ ಕೋಲು ಬೀಸಿ ನಡೆಸುವ ಬೇರೆ ನಿರ್ದೇಶಕರ ಅಗತ್ಯವಿರಲಿಲ್ಲ. ನಮ್ಮಲ್ಲಿ ಗಾಯಕರೇ ಕೈಯಲ್ಲಿ ತಾಳ ಹಾಕುವುದನ್ನು ಕಂಡವರಿಗೆ ಇದು ತೀರಾ ಅಪರಿಚಿತವೆನಿಸಲಾರದು. ಕೋಲು ಬೀಸುವ ನಿರ್ದೇಶಕರ ಭಂಗಿಗಿಂತ ಈ ಕ್ರಮವೇ ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಇಲ್ಲಿ ನಿರ್ದೇಶಕರ ತಪ್ಪೂ ಎಲ್ಲರ ಕಿವಿಗೆ ಬೀಳುತ್ತದೆ!

ಈ ಕಂತಿನಲ್ಲಿ ಮುಖ್ಯವಾಗಿ ಕೇಳಿದ್ದು ಹಾರ್ಪ್ ಕನ್ಸಾರ್ಟ್‌ನ ‘ಲೂಸ್ ಇ ನೋರ್ತೆ’ ಎಂಬ ಧ್ವನಿಮುದ್ರಿಕೆ. ಲೂಕಾಸ್ ರೂಯಿಸ್ ದೆ ರಿಬಾಯಾಸ್ 1677ರಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟಿಸಿದ, ಗಿಟಾರ್ ಮತ್ತು ಹಾರ್ಪ್ ಕಲಿಯುವವರ ಕೈಪಿಡಿಯೇ ಇದರ ಮೂಲ. ಅದರಲ್ಲಿರುವ ಹಾಕಾರಾ, ಕನಾರಿಯೊ ಮುಂತಾದ ನೃತ್ಯಗಳು ಕೆಲವೇ ಸಾಲುಗಳಷ್ಟಿವೆ. ಹಾರ್ಪ್ ಕನ್ಸಾರ್ಟ್ ಅವನ್ನು ಆಶುವಾಗಿ ಬೆಳೆಸುತ್ತದೆ. ಒಂದೇ ಮಂದ್ರದ ಎಳೆ ಸುತ್ತಿ ಸುತ್ತಿ ಬರುವಾಗ ಯಾವ ವಾದ್ಯ ಮುಂದೆ ಬರುತ್ತದೆ, ಯಾವುದು ಹಿಂಜರಿಯುತ್ತದೆ ಎಂದು ಗುರುತು ಹಾಕಿಕೊಂಡಿದ್ದೇನೆ. ತಾಳವಾದ್ಯ ಕೆಲವೆಡೆ ತುಸು ಅತಿಯಾಯಿತೆಂಬುದು ನನ್ನ ಅನಿಸಿಕೆ. ಗಿಟಾರಿನ ಝೇಂಕಾರವೇ ಅಲ್ಲಿ ಸಾಕಾಗಿತ್ತು.

ಮುಂದಿನದು, 1701ರಲ್ಲಿ ಪೆರುವಿನ ಲಿಮಾದಲ್ಲಿ ಪ್ರದರ್ಶನಗೊಂಡ, ತೊರ್ರೆಹೋನ್ ಇ ವೆಲಾಸ್ಕೊ ಸಂಯೋಜಿಸಿದ ‘ಲಾ ಪೂರ್ಪುರಾ ದೆ ಲಾ ರೋಸಾ’ ಎಂಬ ಆಪೆರಾ. ಯಾವ ಪಾತ್ರದ ಹಿಂದೆ ಯಾವ ತಂತಿವಾದ್ಯವನ್ನು ಇರಿಸಿದ್ದಾರೆಂಬುದನ್ನು ದೃಶ್ಯವಾರು ಪಟ್ಟಿ ಮಾಡಲು ಹಾಳೆಗಳಿಗೆ ಗೆರೆ ಎಳೆದಿಟ್ಟಿದ್ದೇನೆ.