ಚಂದ್ರನ ಮೇಲೆ ಇಳಿದವರಿಗೆ ಒಂದು ಜೆಟ್ ಎಂಜಿನ್ ಮಾಡೋಕಾಗಲ್ವಾ?

ನನಗೆ ಯುದ್ಧವಿಮಾನಗಳ ಹುಚ್ಚು ಅಂತ ನೆಂಟರಿಗೆಲ್ಲ ಗೊತ್ತು. ಹಾಗಾಗಿ ಮದುವೆ ಊಟಕ್ಕೆ ಕೂತರೆ ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಪಕ್ಕದ ಎಲೆಯವರು ಶುರು ಮಾಡುತ್ತಾರೆ. "ಅಲ್ಲಪ್ಪಾ, ಚಂದ್ರನ ಮೇಲೆ ಇಳಿದುಬಿಟ್ವಿ. ನಮ್ಮ ತೇಜಸ್‌ಗೆ ಮಾತ್ರ ಅಮೆರಿಕದ ಎಂಜಿನ್ ಯಾಕೆ?"

ಈಚೆಗೆ ಈ ಪ್ರಶ್ನೆ ಜಾಸ್ತಿಯಾಗಿದೆ. ಕಾರಣವೂ ಇದೆ. 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಎಚ್‌ಎಎಲ್ ಜೊತೆ ಒಪ್ಪಂದವಾಯಿತು. ಅವಕ್ಕೆಂದು ಅದೇ ವರ್ಷ ಅಮೆರಿಕದ ಜಿಇ ಕಂಪನಿಗೆ ಹೇಳಿದ್ದ 99 ಎಂಜಿನ್‌ಗಳಲ್ಲಿ ಮೊದಲನೆಯದು ಕೈಗೆ ಬಂದಿದ್ದು 2025ರ ಮಾರ್ಚ್‌ನಲ್ಲಿ. ಎಂಜಿನ್ ಬೇರೆಯವರದ್ದಾದರೆ ಕ್ಯಾಲೆಂಡರ್ ಕೂಡ ಬೇರೆಯವರದ್ದೇ.

ರಾಕೆಟ್ ಮಾಡೋದು ಸುಲಭ ಅಂತ ನಾನು ಹೇಳುತ್ತಿಲ್ಲ. ಆದರೆ ರಾಕೆಟ್ ಎಂಜಿನ್ನಿನ ಆಯಸ್ಸು ನಿಮಿಷಗಳ ಲೆಕ್ಕದ್ದು. ಪಿಎಸ್‌ಎಲ್‌ವಿಯ ಎರಡನೇ ಹಂತದ ವಿಕಾಸ್ ಎಂಜಿನ್ ಎರಡು ನಿಮಿಷ ಚಿಲ್ಲರೆ ಉರಿಯುತ್ತದೆ, ಆಮೇಲೆ ಕಳಚಿ ಬೀಳುತ್ತದೆ. ಯುದ್ಧವಿಮಾನದ ಎಂಜಿನ್ ಹಾಗಲ್ಲ. ಇವತ್ತು ಹಾರಬೇಕು, ನಾಳೆಯೂ ಹಾರಬೇಕು, ಹೀಗೆ ಸಾವಿರಾರು ಗಂಟೆ. ನಡುವೆ ಪೈಲಟ್ ಒಮ್ಮೆಲೇ ಪೂರ್ತಿ ಜೋರು ಕೇಳುತ್ತಾನೆ, ಮರುಕ್ಷಣ ಸುಮ್ನೆ ಇರು ಅನ್ನುತ್ತಾನೆ. ಒಂದೇ ಎಂಜಿನ್ನಿನ ತೇಜಸ್‌ನಲ್ಲಿ ಅದು ಮುನಿಸಿಕೊಂಡರೆ ಮುಗೀತು.

ನಿಜವಾದ ಕಷ್ಟ ಇರೋದು ಬೆರಳುದ್ದದ ಒಂದು ತುಂಡು ಲೋಹದಲ್ಲಿ. ಅದೇ ಟರ್ಬೈನ್ ಬ್ಲೇಡ್, ಅಂದರೆ ಬಿಸಿ ಗಾಳಿಯ ರಭಸಕ್ಕೆ ತಿರುಗುವ ಚಕ್ರದ ಒಂದು ಅಲಗು. ಇಂಧನ ಉರಿದು ಬರುವ ಬಿಸಿ ಗಾಳಿ ಈಗಿನ ಎಂಜಿನ್‌ಗಳಲ್ಲಿ 1,500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬ್ಲೇಡಿನ ನಿಕ್ಕಲ್ ಮಿಶ್ರಲೋಹ ಅದಕ್ಕಿಂತ ಮೊದಲೇ ಕರಗುತ್ತದೆ. ಅಂದರೆ ಕರಗಿ ಹರಿಯಬೇಕಾದ ಜಾಗದಲ್ಲಿ ಕೂತು ಅದು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬೇಕು! ಅದಕ್ಕೇ ಬ್ಲೇಡನ್ನು ಒಳಗೆ ಟೊಳ್ಳಾಗಿ ಎರಕ ಹೊಯ್ಯುತ್ತಾರೆ. ಎಂಜಿನ್ನಿನ ಮುಂಭಾಗದಲ್ಲಿ ಗಾಳಿಯನ್ನು ಒತ್ತುವ ಕಂಪ್ರೆಸರ್‌ನಿಂದ ಕದ್ದ ಗಾಳಿಯನ್ನು ಒಳಗೆ ಹಾಯಿಸಿ, ಸೂಜಿಮೊನೆಯಂಥ ತೂತುಗಳಿಂದ ಹೊರಗೆ ಬಿಡುತ್ತಾರೆ. ಆ ಗಾಳಿ ಬ್ಲೇಡಿಗೆ ತೆಳ್ಳನೆಯ ಹೊದಿಕೆಯಂತೆ ಅಂಟಿಕೊಳ್ಳುತ್ತದೆ. ತಂಪು ಗಾಳಿ ಅಂದುಕೊಳ್ಳಬೇಡಿ, ಅದೇ ನೂರಾರು ಡಿಗ್ರಿ ಇರುತ್ತದೆ. ಮೇಲೊಂದು ಸೆರಾಮಿಕ್ ಲೇಪ ಬೇರೆ.

ಇಷ್ಟಕ್ಕೇ ಮುಗಿಯಲಿಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ಮುರಿದು ನೋಡಿ. ಸಣ್ಣ ಸಣ್ಣ ಹರಳುಗಳು ಅಂಟಿಕೊಂಡಿರುತ್ತವೆ, ಮುರಿಯೋದು ಸಾಮಾನ್ಯವಾಗಿ ಆ ಅಂಟಿನ ಜಾಗದಲ್ಲೇ. ಮಾಮೂಲಿ ಲೋಹವೂ ಹಾಗೇ. ಬೆಂಕಿಯಲ್ಲಿ ಎಳೆತಕ್ಕೆ ಸಿಕ್ಕಾಗ ಹರಳುಗಳ ನಡುವೆ ಬಿರುಕು ಬಿಡುತ್ತದೆ. ಆದ್ದರಿಂದ ಇಡೀ ಬ್ಲೇಡನ್ನು ದೊಡ್ಡ ಕಲ್ಲುಸಕ್ಕರೆಯ ಹಾಗೆ ಒಂದೇ ಹರಳಾಗಿ ಬೆಳೆಸಬೇಕು. ಕರಗಿದ ಲೋಹ ತುಂಬಿದ ಅಚ್ಚನ್ನು ಕುಲುಮೆಯಿಂದ ಇಂಚಿಂಚಾಗಿ ಇಳಿಸುತ್ತಾ ಹೋಗಬೇಕು, ಅವಸರ ಮಾಡಿದರೆ ಹರಳು ಕೆಟ್ಟಿತು. ಎಂಜಿನ್ ಮಾರುವ ದೇಶಗಳು ಬೇಕಾದ್ದು ಮಾರುತ್ತವೆ, ಈ ಹದ ಮಾತ್ರ ಹೇಳಿಕೊಡಲ್ಲ. ನಮ್ಮ ಅಮ್ಮಂದಿರ ಹೋಳಿಗೆ ಹೂರಣದ ಗುಟ್ಟಿನ ಥರ. ಹೈದರಾಬಾದಿನ ಡಿಎಂಆರ್‌ಎಲ್ ಪ್ರಯೋಗಾಲಯ ಇದನ್ನು ತಾನಾಗೇ ಕಲಿತು, 2021ರಲ್ಲಿ ಹೆಲಿಕಾಪ್ಟರ್ ಎಂಜಿನ್ನಿಗೆ ಅಂತ ಇಂಥ 60 ಬ್ಲೇಡುಗಳನ್ನು ಎಚ್‌ಎಎಲ್‌ಗೆ ಕೊಟ್ಟಿತು. ಆ ಸುದ್ದಿ ಓದಿದ ದಿನ ನಾನು ಮನೆಯವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹೊಸ ಕ್ಷಿಪಣಿ ಅಂದಿದ್ದರೆ ಕೇಳುತ್ತಿದ್ದರೇನೋ.

"ಹಾಗಾದ್ರೆ ಕಾವೇರಿ ಎಂಜಿನ್?" ಅನ್ನೋದು ಮುಂದಿನ ಪ್ರಶ್ನೆ. ತೇಜಸ್‌ಗೆ ನಮ್ಮದೇ ಎಂಜಿನ್ ಮಾಡುವ ಆ ಕೆಲಸವನ್ನು 1989ರಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇಗೆ ಒಪ್ಪಿಸಿದರು. ಸುಮಾರು 81 ಕಿಲೋನ್ಯೂಟನ್ ನೂಕುಬಲ ಬೇಕಿತ್ತು. ಎಂಜಿನ್ ತಿರುಗಿತು, ಉರಿಯಿತು. ಆದರೆ ತೂಕ ಹೆಚ್ಚಾಯಿತು, ಬಲ ಕಡಿಮೆ ಬಿತ್ತು. 2008ರಲ್ಲಿ ತೇಜಸ್‌ನಿಂದ ಬೇರ್ಪಡಿಸಿದರು. 2010ರಲ್ಲಿ ಅದನ್ನು ಮೊದಲ ಸಲ ಆಕಾಶದಲ್ಲಿ ಪರೀಕ್ಷೆ ಮಾಡಿದ್ದು ರಷ್ಯಾದಲ್ಲಿ, ಐಎಲ್-76 ವಿಮಾನದ ರೆಕ್ಕೆಗೆ ಕಟ್ಟಿ. ಅಂಥ ಪರೀಕ್ಷಾ ವಿಮಾನ ನಮ್ಮಲ್ಲಿರಲಿಲ್ಲ. ಎರಡು ಸಾವಿರ ಕೋಟಿ ನೀರಿಗೆ ಹೋಯಿತು ಅಂತ ಬೈಯುವವರಿಗೆ ನನ್ನ ಮಾತು ಹಿಡಿಸಲ್ಲ: ನಾವು ಖರ್ಚು ಮಾಡಿದ್ದೇ ಕಡಿಮೆ. ವಿಮಾನಕ್ಕೆ ದುಡ್ಡು ಕೊಟ್ಟೆವು, ಎಂಜಿನ್ ಒಡೆದು ಕಲಿಯುವ ಬೇಜಾರಿನ ಕೆಲಸಕ್ಕೆ ಕೈ ಬಿಗಿಹಿಡಿದೆವು.

ಇದು ಹೊಸ ರೋಗವೂ ಅಲ್ಲ. ಬೆಂಗಳೂರಿನಲ್ಲೇ ಜರ್ಮನಿಯ ಕುರ್ಟ್ ಟ್ಯಾಂಕ್ ರೂಪಿಸಿದ ಎಚ್‌ಎಫ್-24 ಮರುತ್ 1961ರಲ್ಲಿ ಹಾರಿತು. ಶಬ್ದದ ಎರಡು ಪಟ್ಟು ವೇಗದ ಕನಸಿನ ವಿಮಾನ. ತಕ್ಕ ಎಂಜಿನ್ ಸಿಗಲಿಲ್ಲ. ಬ್ರಿಟನ್ನಿನ ಆರ್ಫಿಯಸ್ ಎಂಜಿನ್ನಿನ ಬಲವಾದ ಮಾದರಿಯನ್ನು ಬೆಳೆಸಲು ನಾವು ದುಡ್ಡು ಹಾಕಲಿಲ್ಲ. ಸಣ್ಣ ಆರ್ಫಿಯಸ್‌ಗಳೆರಡನ್ನು ಇಟ್ಟುಕೊಂಡೇ 1971ರ ಯುದ್ಧದಲ್ಲಿ ರಾಜಸ್ಥಾನದ ಮೇಲೆ ಚೆನ್ನಾಗಿ ಕೆಲಸ ಮಾಡಿತು ಪಾಪ. ಆದರೆ ಶಬ್ದದ ವೇಗ ಮುಟ್ಟಲೇ ಏದುಸಿರು.

ಹಾಗಂತ ನಾಚಿಕೆ ಪಡುವಂಥದ್ದೂ ಇಲ್ಲ. ಸ್ವೀಡನ್ನಿನ ಗ್ರಿಪೆನ್, ದಕ್ಷಿಣ ಕೊರಿಯಾದ ಕೆಎಫ್-21, ಈ ಎರಡೂ ಯುದ್ಧವಿಮಾನಗಳ ಎಂಜಿನ್ ಮೂಲವೂ ಜಿಇಯದ್ದೇ. ಚೀನಾ ಕೂಡ ವರ್ಷಗಟ್ಟಲೆ ರಷ್ಯಾದ ಎಂಜಿನ್ ಹಾಕಿಕೊಂಡೇ ಹಾರಿತು, ಜೊತೆಜೊತೆಗೆ ತನ್ನದನ್ನು ಸುಡುತ್ತಾ, ಒಡೆಯುತ್ತಾ ಹೋಯಿತು.

ನಮ್ಮ ಮುಂದಿನ ತಲೆಮಾರಿನ ಯುದ್ಧವಿಮಾನ ಆಮ್ಕಾಕ್ಕೆ ಫ್ರಾನ್ಸಿನ ಸಫ್ರಾನ್ ಜೊತೆ ಸೇರಿ ಎಂಜಿನ್ ಮಾಡುವುದಾಗಿ ಸರ್ಕಾರ 2025ರಲ್ಲಿ ಹೇಳಿದೆ. ಕಾವೇರಿಯೂ ಸತ್ತಿಲ್ಲ. ಆಫ್ಟರ್‌ಬರ್ನರ್ (ಹಿಂಬದಿಯಲ್ಲಿ ಇನ್ನಷ್ಟು ಇಂಧನ ಸುಟ್ಟು ಜೋರು ಹೆಚ್ಚಿಸುವ ಭಾಗ) ಬಿಟ್ಟ ಅದರ ರೂಪವನ್ನು ಪೈಲಟ್ ಇಲ್ಲದ ಯುದ್ಧವಿಮಾನಕ್ಕೆ ಸಜ್ಜು ಮಾಡುತ್ತಿದ್ದಾರೆ. ಮೊನ್ನೆ ಇದನ್ನು ಹೇಳಿದಾಗ ನಮ್ಮ ಭಾವ ಖುಷಿಯಾಗಿ, "ಪರೀಕ್ಷೆ ಎಲ್ಲಿ, ನಮ್ಮ ಯಲಹಂಕದಲ್ಲಾ?" ಅಂದರು.

ಇಲ್ಲ ಭಾವ, ಅದಕ್ಕೂ ರಷ್ಯಾಕ್ಕೇ ಹೋಗಬೇಕು ಅಂದೆ.